ರೂಪು, ರುಚಿ, ತೃಪ್ತಿ

ಎಲೆಯ ಮೇಲೆ ಅನ್ನ ಬೀಳುವುದಕ್ಕೂ ಮೊದಲ ತುತ್ತು ಬಾಯಿಗೆ ಹೋಗುವುದಕ್ಕೂ ನಡುವೆ ಒಂದಿಷ್ಟು ಬಿಡುವಿರಬೇಕೆಂಬುದು ನಮ್ಮ ಹಿರಿಯರು ಮಾಡಿಕೊಂಡಿದ್ದ ಏರ್ಪಾಡು. ಆ ಅಲ್ಪಾವಕಾಶದಲ್ಲಿ ಕೆಲವರು ಎಲೆಯ ಸುತ್ತ ನೀರು ಕಟ್ಟಿ, ಬಲಗಡೆ ಚಿತ್ರಾಹುತಿಯನ್ನಿಟ್ಟು, ಆಪೋಶನ ತೆಗೆದುಕೊಳ್ಳುತ್ತಿದ್ದರು. ಕೆಲವರು ಇಷ್ಟಲಿಂಗಕ್ಕೆ ತೋರಿಸಿ ಸ್ವೀಕರಿಸುತ್ತಿದ್ದರು. ನೆರೆಮನೆಯ ಸಾಹೇಬರು ಬಿಸ್ಮಿಲ್ಲಾ ಎಂದು ಕೈಹಾಕುತ್ತಿದ್ದರು. ಶಾಸ್ತ್ರದ ಗಂಧವೇ ಇಲ್ಲದ ಒಕ್ಕಲಿಗನು ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿ, ಭೂಮಿತಾಯಿಗೆಂದು ಚೂರು ಮುದ್ದೆಯನ್ನು ಚೆಲ್ಲಿ ಆಮೇಲೆ ಉಣ್ಣತೊಡಗುತ್ತಿದ್ದನು. ಹಸಿದ ದೇಹವು ಅನ್ನದ ಮೇಲೆ ಎರಗುವ ಮುನ್ನ ಮನಸ್ಸು ಒಂದು ಕ್ಷಣ ಬೇರೆಡೆಗೆ ಹೋಗಿ ಬರಲಿ ಎಂಬುದೇ ಈ ನಾನಾ ಆಚಾರಗಳ ಒಳಗಿನ ಉದ್ದೇಶವಾಗಿದ್ದಿರಬೇಕು.

ಈಗ ಬೆಂಗಳೂರಿನಲ್ಲಿ, ಇನ್‌ಸ್ಟಾಗ್ರಾಮಿನಿಂದಲೂ ಯೂಟ್ಯೂಬಿನಿಂದಲೂ ಖ್ಯಾತಿಗೆ ಬಂದ ಯಾವುದಾದರೊಂದು ಉಪಾಹಾರಗೃಹದ ಒಳಹೊಕ್ಕು ನೋಡಿದರೆ, ಆ ಬಿಡುವು ಲೋಪವಾಗಿಲ್ಲವೆಂಬುದು ತಿಳಿಯುತ್ತದೆ. ತಟ್ಟೆ ಮೇಜಿನ ಮೇಲೆ ಇಳಿದೊಡನೆ ಯಾರೂ ತಿನ್ನತೊಡಗುವುದಿಲ್ಲ. ಫೋನು ಹೊರಬರುತ್ತದೆ. ಬೆಳಕಿರುವ ಕಡೆಗೆ ತಟ್ಟೆಯನ್ನು ತಿರುಗಿಸುತ್ತಾರೆ. ಚಟ್ನಿಯ ಬಟ್ಟಲನ್ನು ಅತ್ತ ಇತ್ತ ಸರಿಸುತ್ತಾರೆ. ದೋಸೆಯ ಮೇಲಣ ಬೆಣ್ಣೆಯುಂಡೆ ಪೂರ್ತಿ ಕರಗಿ ಹೋಗುವುದರೊಳಗಾಗಿ ಅದರ ಚಿತ್ರವನ್ನು ಹಿಡಿದುಕೊಳ್ಳುತ್ತಾರೆ. ಆ ಮೇಲೆ ಕೈ ಬಾಯಿಗೆ. ಇದನ್ನು ಕಂಡು ಮೂಗು ಮುರಿಯುವುದು ವಯಸ್ಸಾದವರಿಗೆ ಬಹು ಸುಲಭವಾದ ಕೆಲಸ. ನನಗಾದರೋ ಇದರೊಳಗೆ ಸಾಚಾ ಧಾರ್ಮಿಕ ಪ್ರಶ್ನೆಯೊಂದು ಅಡಗಿದೆಯೆಂದು ತೋರುತ್ತದೆ. ಉಣ್ಣುವುದಕ್ಕೆ ಮೊದಲು ಅನ್ನವನ್ನು ಯಾರಿಗಾದರೂ ತೋರಿಸಬೇಕೆಂಬ ತುಡಿತವು ಮನುಷ್ಯನಲ್ಲಿ ಬಹಳ ಪುರಾತನವಾದದ್ದು. ತೋರಿಸುವುದು ಯಾರಿಗೆ, ತೋರಿಸಿದ ಬಳಿಕ ಆ ಅನ್ನವು ಏನಾಗಿ ನಮ್ಮ ಕೈಗೆ ಮರಳಿ ಬರುತ್ತದೆ, ಎಂಬೆರಡನ್ನು ವಿಚಾರಿಸಬೇಕಾಗಿದೆ.

ಹೋಟೆಲಿಗೆ ಹೆಸರು ಬರುವುದು ನಮ್ಮ ಊರಿಗೆ ಹೊಸತೇನೂ ಅಲ್ಲ. ಉಡುಪಿಯ ಸೀಮೆಯಿಂದ ಬಂದ ಮಯ್ಯ ಸಹೋದರರು ೧೯೨೪ರಲ್ಲಿ ಆರಂಭಿಸಿದ ಮಾವಳ್ಳಿ ಟಿಫಿನ್ ರೂಮ್ಸ್‌ಗೂ, ೧೯೪೩ರಲ್ಲಿ ಗಾಂಧಿಬಜಾರಿನಲ್ಲಿ ತೆರೆದ ವಿದ್ಯಾರ್ಥಿ ಭವನಕ್ಕೂ ಕೀರ್ತಿ ಬಂದುದು ತಿಂದವರ ನಾಲಗೆಯ ಮೂಲಕ. ಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರವಾಗಿ ಮಾವಳ್ಳಿಯಲ್ಲಿ ರವೆಯಿಂದ ಇಡ್ಲಿ ಮಾಡತೊಡಗಿದರೆಂಬ ಕಥೆಯನ್ನು ಒಬ್ಬನು ಇನ್ನೊಬ್ಬನಿಗೆ ಹೇಳುವಾಗ, ಹೇಳುವವನ ಬಾಯಲ್ಲಿ ಆ ಇಡ್ಲಿಯ ನೆನಪೂ ಇರುತ್ತಿತ್ತು. ಸವಿದ ನಾಲಗೆಯೇ ಸಾರುವ ನಾಲಗೆಯೂ ಆಗಿತ್ತು. ೧೯೮೩ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿಯು ಪ್ರಾರಂಭವಾಗಿ, ನಿಂತು ತಿಂದು ಹೋಗುವ ಪದ್ಧತಿ ಊರೆಲ್ಲ ಹಬ್ಬಿದಾಗಲೂ ಇದು ಬದಲಾಗಲಿಲ್ಲ. ಬದಲಾದುದು ಈಚೆಗೆ. ೨೦೨೧ರಲ್ಲಿ ಇಂದಿರಾನಗರದಲ್ಲಿ ತೆರೆದ ರಾಮೇಶ್ವರಂ ಕೆಫೆ, ಅಬ್ದುಲ್ ಕಲಾಂ ಅವರ ಹುಟ್ಟೂರಿನ ಹೆಸರನ್ನು ಗೌರವಾರ್ಥವಾಗಿ ಇಟ್ಟುಕೊಂಡದ್ದು, ಒಂದೆರಡು ವರ್ಷಗಳಲ್ಲಿಯೇ ದೇಶದ ಬಾಯಲ್ಲೆಲ್ಲ ಓಡಾಡಿತಷ್ಟೆ. ಬಾಯಲ್ಲಿ ಎಂದೆನೆ? ಕಣ್ಣಲ್ಲಿ ಎನ್ನಬೇಕು. ಕಾವಲಿಯ ಮೇಲೆ ಸುರಿಯುವ ತುಪ್ಪದ ಧಾರೆಯನ್ನೂ, ಕೆಂಪಗೆ ಹರಡಿದ ಪುಡಿಯನ್ನೂ, ಬಾಗಿಲ ಹೊರಗಿನ ಜನಸಂದಣಿಯನ್ನೂ ಫೋನಿನಲ್ಲಿ ಕಂಡವರು, ಅದರ ಒಂದು ತುಣುಕನ್ನೂ ಸವಿಯದ ಲಕ್ಷಾಂತರ ಜನ, ಅದನ್ನು ಬಲ್ಲೆವೆಂದು ತಿಳಿದುಕೊಂಡರು. ೨೦೨೪ರ ಮಾರ್ಚ್ ೧ರಂದು ಅದರ ಬ್ರೂಕ್‌ಫೀಲ್ಡ್ ಶಾಖೆಯಲ್ಲಿ ಬಾಂಬು ಸ್ಫೋಟಿಸಿ, ಒಂದು ವಾರ ಕಳೆಯುತ್ತಲೇ ಬಾಗಿಲು ಮತ್ತೆ ತೆರೆದಾಗ ಜನ ಪುನಃ ಸಾಲುಗಟ್ಟಿದರು. ಅವರಲ್ಲಿ ಎಷ್ಟೋ ಮಂದಿಯನ್ನು ಕರೆತಂದುದು ಹೊಟ್ಟೆಯ ಹಸಿವಲ್ಲ, ಅಂಜಿ ಮನೆಯಲ್ಲಿ ಕೂರೆವೆಂಬ ಛಲ. ದೋಸೆಯೊಂದು ಇಷ್ಟೆಲ್ಲ ಅರ್ಥವನ್ನು ಹೊರಬಲ್ಲದೆಂಬುದು ಅದರ ಮಹಿಮೆಯೇ ಸರಿ.

ನೋಡಿಸಿ ಕರೆತರುವ ಈ ವಿದ್ಯೆಗೆ ನಮ್ಮಲ್ಲಿ ಪೂರ್ವಜರಿಲ್ಲದಿಲ್ಲ. ಸ್ಥಳಪುರಾಣಗಳೆಂಬುವು ಏನು? ಇಂಥ ಕ್ಷೇತ್ರದಲ್ಲಿ ಇಂಥ ತೀರ್ಥವುಂಟು, ಅಲ್ಲಿ ಮಿಂದರೆ ಇಂಥ ಫಲವುಂಟು, ಹಿಂದೆ ಇಂಥ ರಾಜನ ಕುಷ್ಠರೋಗ ವಾಸಿಯಾಯಿತು, ಎಂದು ಕಂಡವರೂ ಕಾಣದವರೂ ಕೂಡಿ ಹಾಡಿ ಹೊಗಳಿ, ದೂರದ ಊರಿನವನಿಗೆ ಗಾಡಿ ಕಟ್ಟುವ ಮನಸ್ಸು ಬರಿಸುವಂಥವು. ಈ ಹೊಗಳಿಕೆಯ ಪ್ರಾಮಾಣ್ಯವೆಷ್ಟು ಎಂಬುದನ್ನು ನಮ್ಮ ಮೀಮಾಂಸಕರು ಬಲು ಜಾಣತನದಿಂದ ಚರ್ಚಿಸಿದ್ದಾರೆ. ವಾಯುವು ಎಲ್ಲರಿಗಿಂತ ಶೀಘ್ರಗಾಮಿಯಾದ ದೇವತೆಯೆಂದು ಶ್ರುತಿಯು ಹೇಳಿದರೆ, ಅದು ವೇಗದ ಲೆಕ್ಕವನ್ನು ಒಪ್ಪಿಸುವ ಮಾತಲ್ಲ; ವಾಯುವನ್ನು ಉದ್ದೇಶಿಸಿದ ಯಾಗವನ್ನು ಮಾಡುವವನಿಗೆ ಹುರುಪು ತುಂಬುವ ಮಾತು. ಇಂಥದಕ್ಕೆ ಅವರು ಅರ್ಥವಾದವೆಂದು ಹೆಸರಿಟ್ಟು, ವಿಧಿವಾಕ್ಯದೊಡನೆ ಸೇರಿದಾಗ ಮಾತ್ರ ಅದಕ್ಕೆ ಬೆಲೆಯೆಂದು ತೀರ್ಮಾನಿಸಿದರು. ಮಾಡಬೇಕಾದ ಕರ್ಮವೊಂದು ಮೊದಲೇ ಇದ್ದು, ಅದರ ಬೆನ್ನ ಹಿಂದೆ ಸ್ತುತಿಯು ಬರತಕ್ಕದ್ದು. ಫೋನಿನಲ್ಲಿ ಬರುವ ಈ ಮೂವತ್ತು ಸೆಕೆಂಡಿನ ಸ್ತುತಿಗಳಾದರೋ ವಿಧಿಯಿಲ್ಲದ ಅರ್ಥವಾದಗಳು. ಹಸಿವು ಮೊದಲಿದ್ದು ಅದಕ್ಕೆ ದಾರಿ ತೋರಿಸಲು ಬಂದವಲ್ಲ. ತಾವೇ ಮುಂದಾಗಿ ಬಂದು, ಉಂಡು ಮಲಗಿದವನಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಹಸಿವನ್ನು ಹುಟ್ಟಿಸುವಂಥವು.

ಹೇಳುವವನು ಆಪ್ತನೋ ಅಲ್ಲವೋ ಎಂಬ ಪ್ರಶ್ನೆಯೂ ಇದೆ. ವಸ್ತುವನ್ನು ತಾನು ಸಾಕ್ಷಾತ್ತಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನೆಂದು ವಾತ್ಸ್ಯಾಯನನು ನ್ಯಾಯಭಾಷ್ಯದಲ್ಲಿ ಲಕ್ಷಣ ಹೇಳಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸಿದ್ದಾನೆ. ಎಷ್ಟು ಉದಾರವಾದ ಮಾತು! ದೋಸೆಯ ವಿಚಾರದಲ್ಲಿ ಇಪ್ಪತ್ತು ವರ್ಷದ ಹುಡುಗಿಯೂ ಆಪ್ತಳಾಗಬಹುದು. ಆದರೆ ಹೋಟೆಲಿನವರಿಂದ ಹಣವನ್ನೋ ಬಿಟ್ಟಿ ಊಟವನ್ನೋ ಪಡೆದು ಹೊಗಳುವವನಲ್ಲಿ ಲಕ್ಷಣದ ಎರಡನೆಯ ಭಾಗವು ಸಂದೇಹಕ್ಕೆ ಎಡೆಗೊಡುತ್ತದೆ. ಇದನ್ನು ಸರ್ಕಾರವೂ ಮನಗಂಡಂತಿದೆ: ಹೀಗೆ ಪ್ರತಿಫಲ ಪಡೆದು ಪ್ರಶಂಸೆ ಮಾಡುವವರು ಆ ಸಂಗತಿಯನ್ನು ನೋಡುವವರಿಗೆ ಎದ್ದುಕಾಣುವಂತೆ ತಿಳಿಸಬೇಕೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೩ರ ಜನವರಿಯಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ವಾತ್ಸ್ಯಾಯನನ ಅಭಿಪ್ರಾಯವು ಸಾವಿರದೈನೂರು ವರ್ಷ ತಡವಾಗಿಯಾದರೂ ಕಚೇರಿಯ ಕಡತವನ್ನು ಸೇರಿತೆಂದು ಸಂತೋಷಪಡಬಹುದು.

ಆದರೆ ಇವೆಲ್ಲ ಹೊರ ಅಂಗಳದ ಮಾತು. ಒಳಗಿನ ಪ್ರಶ್ನೆಯನ್ನು ನನ್ನ ಕಿವಿಯ ಮೇಲೆ ಹಾಕಿದವರು ಒಬ್ಬ ವೃದ್ಧೆ. ಹೆಸರು ಮಾಡಿದ ಅಂಥದೊಂದು ಹೋಟೆಲಿನಲ್ಲಿ, ಭಾನುವಾರದ ಬೆಳಗ್ಗೆ, ಹೊರಗಡೆಯ ಕಲ್ಲುಕಟ್ಟೆಯ ಮೇಲೆ ಆಕೆಯನ್ನು ಕೂರಿಸಿ ಮೊಮ್ಮಗನು ಟೋಕನ್ ಹಿಡಿದು ಒಳಗೆ ಹೋಗಿದ್ದನು. ಜನರ ನಡುವೆ ತೂರಿಕೊಂಡು ಎರಡು ತಟ್ಟೆ ದೋಸೆಯನ್ನು ತಂದಿಟ್ಟಾಗ ಹುಡುಗನ ಹಣೆಯಲ್ಲಿ ಬೆವರು. ಅಜ್ಜಿ ಕಣ್ಣು ಮುಚ್ಚಿ ತುಟಿಯಾಡಿಸಿ, ಕೃಷ್ಣಾರ್ಪಣವೆಂದು ಇರಬೇಕು, ಕೈ ಚಾಚಿದರು.

“ಅಜ್ಜೀ, ಒಂದ್ನಿಮಿಷ. ಕೈ ಹಾಕ್ಬೇಡಿ.”

“ಯಾಕೋ ಮರಿ, ಇನ್ನೇನಾದ್ರೂ ಬರೋದಿದ್ಯೇ?”

“ಇಲ್ಲ, ರೀಲ್ ಮಾಡ್ತಿದೀನಿ. ಎಲ್ರಿಗೂ ತೋರಿಸ್ಬೇಕಲ್ಲ.”

ಹುಡುಗನು ಫೋನನ್ನು ತಟ್ಟೆಯ ಮೇಲೆ ನಿಧಾನವಾಗಿ ಸುತ್ತಿಸಿದನು. ಸರಿಬರಲಿಲ್ಲವೆಂದು ಪುನಃ ಸುತ್ತಿಸಿದನು. ದೋಸೆಯ ಒಂದು ಅಂಚನ್ನು ಎತ್ತಿ ಮುರಿದು ಆ ಸದ್ದನ್ನೂ ಹಿಡಿದುಕೊಂಡನು. ಅಷ್ಟು ಹೊತ್ತಿಗೆ ಗರಿಗರಿಯಾಗಿದ್ದ ನಡುಭಾಗವು ತುಪ್ಪ ಕುಡಿದು ಮೆತ್ತಗಾಗಿ, ಆಲೂಗಡ್ಡೆ ಪಲ್ಯದ ಮೇಲೆ ಕುಸಿದಿತ್ತು. ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡು ಕಾದರು. ಆಮೇಲೆ ಆಕ್ಷೇಪಣೆಯ ಸೋಂಕೂ ಇಲ್ಲದೆ, ನಿಜವಾಗಿ ತಿಳಿದುಕೊಳ್ಳಬೇಕೆಂಬ ಧ್ವನಿಯಲ್ಲಿ ಕೇಳಿದರು: “ಎಲ್ಲರಿಗೂ ತೋರಿಸಿ ನಾವಿಬ್ಬರೇ ತಿನ್ನೋದೇನಪ್ಪಾ?”

ಹುಡುಗ ನಕ್ಕನು. ಆಕೆ ಹಾಸ್ಯಕ್ಕೆ ಹೇಳಿದುದಲ್ಲ. ಒಬ್ಬನ ಕಣ್ಣೆದುರಿಗೆ ತಿಂದರೆ ಅವನಿಗೂ ಒಂದು ಪಾಲು ಕೊಡಬೇಕೆಂಬುದು ಆಕೆ ಬೆಳೆದ ಮನೆಯ ಧರ್ಮ. ತಿಂಡಿ ಹಿಡಿದು ಬೀದಿಗೆ ಓಡಿದ ಮಗುವನ್ನು ತಾಯಿ ಒಳಗೆ ಕರೆಯುತ್ತಿದ್ದುದು ಕಣ್ಣು ಬೀಳುತ್ತದೆಂಬ ಅಂಜಿಕೆಯಿಂದ ಎಂದು ಹೇಳುವುದುಂಟು. ಆ ಅಂಜಿಕೆಯ ಬುಡದಲ್ಲಿ ಒಂದು ನ್ಯಾಯದೃಷ್ಟಿಯೂ ಇದೆ: ಕಂಡವನಿಗೆ ಆಸೆ ಹುಟ್ಟುತ್ತದೆ, ಆಸೆ ಹುಟ್ಟಿಸಿದವನಿಗೆ ಋಣ ಹತ್ತುತ್ತದೆ. ಕೊಡಲಾಗದಿದ್ದರೆ ತೋರಿಸಬೇಡ, ತೋರಿಸಿದೆಯೋ, ಕೊಡು. ಫೋನಿನ ಮೂಲಕ ಹತ್ತು ಸಾವಿರ ಮಂದಿಗೆ ದೋಸೆಯನ್ನು ತೋರಿಸಿದವನ ಮೇಲೆ ಹತ್ತು ಸಾವಿರ ಪಾಲಿನ ಋಣ ಬಿತ್ತೆಂದು ಲೆಕ್ಕ ಹಾಕಿದರೆ ನಗೆಪಾಟಲಾದೀತು. ಆದರೂ ಅಜ್ಜಿಯ ಪ್ರಶ್ನೆಗೆ ಉತ್ತರವೇನೆಂಬುದು ನನಗೆ ಅಂದು ಹೊಳೆಯಲಿಲ್ಲ, ಇಂದೂ ಪೂರ್ತಿಯಾಗಿ ಹೊಳೆದಿಲ್ಲ.

ದೇವಾಲಯದ ನೈವೇದ್ಯವನ್ನು ನೆನೆಯಿರಿ. ಅಲ್ಲಿ ಅಡುಗೆಯು ಪಾಕಶಾಲೆಯಿಂದ ಗರ್ಭಗುಡಿಗೆ ಮುಚ್ಚಿಕೊಂಡು ಹೋಗುತ್ತದೆ. ಅದರ ಪರಿಮಳವನ್ನು ಕೂಡ ಮೊದಲು ಯಾರೂ ಆಘ್ರಾಣಿಸಬಾರದೆಂಬ ಕಟ್ಟಲೆಯುಂಟು. ಸಮರ್ಪಣೆಯ ಹೊತ್ತಿಗೆ ತೆರೆ ಬೀಳುತ್ತದೆ, ಗಂಟೆ ಮೊಳಗುತ್ತದೆ, ನೂರಾರು ಜನ ಹೊರಗೆ ಕಾಯುತ್ತಾರೆ. ನೋಡುವ ಹಕ್ಕು ಒಬ್ಬನದೇ. ಅವನು ನೋಡಿದ ಮೇಲೆ, ಅವನ ನೋಟದಿಂದಲೇ ಭುಕ್ತವಾದ ಆ ಅನ್ನವು, ಅಳತೆಯಲ್ಲಿ ಒಂದಗುಳೂ ಕಡಮೆಯಾಗದೆ ಹೊರಕ್ಕೆ ಬಂದು, ಕಾದವರೆಲ್ಲರ ಕೈಸೇರುತ್ತದೆ. ಒಬ್ಬನಿಗೆ ತೋರಿಸಿ ಎಲ್ಲರೂ ಉಣ್ಣುವುದು ಆ ಪದ್ಧತಿ. ಎಲ್ಲರಿಗೂ ತೋರಿಸಿ ಒಬ್ಬನೇ ಉಣ್ಣುವುದು ಈ ಪದ್ಧತಿ. ವೃದ್ಧೆಯ ಮಾತಿನಲ್ಲಿ ಇದ್ದುದು ಇಷ್ಟೇ.

ಇಷ್ಟು ಹೇಳಿ ಹಳೆಯ ಕಾಲವನ್ನು ಹೊಗಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. ಆ ಮುಚ್ಚಿದ ತೆರೆಯು ದೇವರಿಗೂ ಭಕ್ತರಿಗೂ ನಡುವೆ ಮಾತ್ರ ಇರಲಿಲ್ಲ. ಮನುಷ್ಯರ ನಡುವೆಯೂ ಇತ್ತು. ಇಂಥವನ ದೃಷ್ಟಿ ಬಿದ್ದರೆ ಅನ್ನ ಅಶುದ್ಧವಾಗುತ್ತದೆಂದು ಒಳಗೆ ಕೂತು ಉಂಡವರು, ಹೊರಗಿದ್ದವನ ಹಸಿವನ್ನು ದೋಷವೆಂದು ಕರೆದರು. ಮಾವಳ್ಳಿಯ ಹೋಟೆಲು ಕೂಡ, ಆ ದಿನಗಳ ಅನೇಕ ಹೋಟೆಲುಗಳಂತೆ, ಮೊದಲಿಗೆ ‘ಬ್ರಾಹ್ಮಣ ಕಾಫಿ ಕ್ಲಬ್’ ಎಂಬ ಹೆಸರು ಹೊತ್ತು ಹುಟ್ಟಿದ್ದು. ಪಂಕ್ತಿಭೇದವನ್ನು ಮುರಿದುದರಲ್ಲಿ ನಮ್ಮ ಸುಧಾರಕರ ಭಾಷಣಗಳದು ಎಷ್ಟು ಪಾಲೋ ದರ್ಶಿನಿಯ ಎತ್ತರದ ಮೇಜುಗಳದೂ ಅಷ್ಟೇ ಪಾಲೆಂದು ನನ್ನ ನಂಬಿಕೆ. ಪಕ್ಕದಲ್ಲಿ ನಿಂತು ಇಡ್ಲಿ ಮುರಿಯುವವನ ಕುಲವನ್ನು ವಿಚಾರಿಸುವಷ್ಟು ಪುರಸತ್ತು ಅಲ್ಲಿ ಯಾರಿಗೂ ಇಲ್ಲ. ಈಗಿನ ಹೋಟೆಲುಗಳಲ್ಲಿ ಅಡುಗೆಮನೆಯೂ ಬಯಲಾಗಿ, ಹಿಟ್ಟು ಹುಯ್ಯುವ ಕೈಯನ್ನು ಗಾಜಿನಾಚೆಯಿಂದ ಎಲ್ಲರೂ ನೋಡುತ್ತಾರೆ. ಕ್ಯಾಮರಾದ ಕಣ್ಣಿಗೆ ಮಡಿಯಿಲ್ಲ. ಅದು ಒಳ್ಳೆಯದು. ಆದುದರಿಂದ ತೆರೆಯನ್ನು ಮತ್ತೆ ಎಳೆಯಬೇಕೆಂಬುದು ನನ್ನ ವಾದವಲ್ಲ. ತೆರೆದ ಬಯಲಿನಲ್ಲಿಯೇ ಅರ್ಪಣೆಯೆಂಬುದು ಸಾಧ್ಯವೇ ಎಂಬುದು ಪ್ರಶ್ನೆ.

ಸಾಧ್ಯವೆಂದು, ಹನ್ನೆರಡನೆಯ ಶತಮಾನದಲ್ಲಿಯೇ, ಕಲ್ಯಾಣದ ಶರಣರು ಹೇಳಿದರು. ಗರ್ಭಗುಡಿಯನ್ನೂ ತೆರೆಯನ್ನೂ ತೊರೆದು, ದೇವರನ್ನು ಅಂಗೈಗೇ ತಂದುಕೊಂಡವರು ಅವರು. ಷಟ್‌ಸ್ಥಲದ ವಿಚಾರದಲ್ಲಿ ಅರ್ಪಿತವನ್ನು ಅವರು ಮೂರು ಮಜಲುಗಳಾಗಿ ವಿಂಗಡಿಸಿದ್ದುಂಟು: ಪದಾರ್ಥದ ರೂಪು ಇಷ್ಟಲಿಂಗಕ್ಕೆ, ಅದರ ರುಚಿ ಪ್ರಾಣಲಿಂಗಕ್ಕೆ, ಅದರಿಂದಾದ ತೃಪ್ತಿ ಭಾವಲಿಂಗಕ್ಕೆ. ಇದರ ಸೂಕ್ಷ್ಮತೆಯನ್ನು ಗಮನಿಸಬೇಕು. ತಟ್ಟೆಯನ್ನು ಎದುರಿಗಿಟ್ಟು ತೋರಿಸಿಬಿಟ್ಟರೆ ಅರ್ಪಣೆ ಮುಗಿಯಲಿಲ್ಲ. ಅಲ್ಲಿಗೆ ಮುಗಿದುದು ರೂಪಿನ ಪಾಲು ಮಾತ್ರ. ನಾಲಗೆಯ ಮೇಲೆ ಸವಿ ಹರಡುವ ಕ್ಷಣದಲ್ಲಿ, ಸವಿಯುತ್ತಿರುವವನು ನಾನು ಎಂಬ ಗರ್ವ ಏಳುವ ಮುನ್ನವೇ, ಆ ಸವಿಯನ್ನೂ ಒಪ್ಪಿಸಬೇಕು. ಉಂಡು ಕೈತೊಳೆದ ಮೇಲೆ ಉದರದಲ್ಲಿ ಹರಡುವ ಆ ಸಮಾಧಾನವಿದೆಯಲ್ಲ, ನನಗೆ ಸಾಕಾಯಿತು ಎಂಬ ಭಾವ, ಅದನ್ನೂ ನನ್ನದೆಂದು ಇಟ್ಟುಕೊಳ್ಳಬಾರದು. ಊಟ ನಡೆಯುತ್ತಿರುವಷ್ಟು ಹೊತ್ತೂ ಅರ್ಪಣೆ ನಡೆಯುತ್ತಲೇ ಇರುತ್ತದೆ.

ಈ ಮಾನದಂಡದಿಂದ ಅಳೆದರೆ ನಮ್ಮ ಹುಡುಗನ ಫೋನು ಮೊದಲನೆಯ ಮಜಲಿನಲ್ಲಿಯೇ ನಿಂತುಬಿಟ್ಟಿತು. ರೂಪನ್ನು ಅದು ಭರ್ಜರಿಯಾಗಿ ಒಪ್ಪಿಸಿತು. ಯಾವ ಪೂಜಾರಿಯೂ ಮಾಡದಷ್ಟು ಶ್ರದ್ಧೆಯಿಂದ, ಬೆಳಕು ನೆರಳು ನೋಡಿ ಒಪ್ಪಿಸಿತು. ರುಚಿಯ ಹೊತ್ತಿಗೆ ದೋಸೆ ತಣ್ಣಗಾಗಿತ್ತು. ತೃಪ್ತಿಯ ಹೊತ್ತಿಗೆ ಅವನು ತಲೆ ತಗ್ಗಿಸಿ, ಎಷ್ಟು ಮಂದಿ ನೋಡಿದರೆಂದು ಎಣಿಸುತ್ತಿದ್ದನು.

ದೆಹಲಿಯ ಮಾಳವೀಯನಗರದಲ್ಲಿ ೨೦೨೦ರ ಅಕ್ಟೋಬರಿನಲ್ಲಿ ನಡೆದುದೂ ಇದಕ್ಕೆ ಸಂಬಂಧಪಟ್ಟುದೇ. ಮಹಾಮಾರಿಯ ದೆಸೆಯಿಂದ ವ್ಯಾಪಾರವಿಲ್ಲದೆ ಕಣ್ಣೀರಿಡುತ್ತಿದ್ದ ವೃದ್ಧದಂಪತಿಯ ರಸ್ತೆಬದಿಯ ಊಟದಂಗಡಿ, ‘ಬಾಬಾ ಕಾ ಢಾಬಾ’ ಎಂಬುದು, ಒಂದು ವಿಡಿಯೋದಿಂದ ಒಂದೇ ರಾತ್ರಿಯಲ್ಲಿ ದೇಶಕ್ಕೆಲ್ಲ ಪರಿಚಯವಾಯಿತು. ಮರುದಿನವೇ ಅಲ್ಲಿ ಜನಜಾತ್ರೆ. ಬಂದವರು ಹಸಿದು ಬಂದವರಲ್ಲ, ದಯೆಯಿಂದ ಬಂದವರು. ದಯೆಗೂ ಒಂದು ಹಸಿವುಂಟಷ್ಟೆ. ಕೆಲವು ತಿಂಗಳಲ್ಲಿ ಆ ದಂಪತಿ ಹೊಸ ಹೋಟೆಲನ್ನು ತೆರೆದು, ಅದು ಸಾಗದೆ ಮುಚ್ಚಿ, ಹಳೆಯ ಅಂಗಡಿಗೇ ಹಿಂದಿರುಗಿದರು. ಬಂದ ಜನ ಕಪಟಿಗಳೆಂದು ನಾನು ಹೇಳಲಾರೆ. ಅವರ ಕೈಯಿಂದ ಆ ಮುದುಕರಿಗೆ ಉಪಕಾರವಾದುದು ನಿಜ. ಆದರೆ ಕಣ್ಣಿನ ಹಸಿವು ಹೊಟ್ಟೆಯ ಹಸಿವಿನಂತೆ ನಿತ್ಯವೂ ಅದೇ ಬಾಗಿಲಿಗೆ ಬರುವುದಿಲ್ಲ. ಅದಕ್ಕೆ ನಾಳೆ ಬೇರೆ ಮುಖ ಬೇಕು.

ಕಣ್ಣು ತಿನ್ನುವುದೂ ಆಹಾರವೇ ಎಂಬುದು ನಮ್ಮ ಆಚಾರ್ಯರುಗಳ ನಡುವಣ ಒಂದು ಹಳೆಯ ವಿವಾದ. ಛಾಂದೋಗ್ಯದಲ್ಲಿ ಆಹಾರದ ಶುದ್ಧಿಗೂ ಅಂತಃಕರಣದ ಶುದ್ಧಿಗೂ ಗಂಟು ಹಾಕಿದ ಸ್ಥಳವನ್ನು ವ್ಯಾಖ್ಯಾನಿಸುತ್ತ ಶಂಕರರು, ಇಂದ್ರಿಯಗಳು ಒಳಕ್ಕೆ ತಂದುಕೊಳ್ಳುವ ಶಬ್ದಾದಿ ವಿಷಯಗಳ ಅರಿವೇ ಇಲ್ಲಿ ಹೇಳಿದ ಆಹಾರವೆಂದರು. ರಾಮಾನುಜರು ಉಣ್ಣುವ ಅನ್ನವನ್ನೇ ಹಿಡಿದು, ಜಾತಿ, ಆಶ್ರಯ, ನಿಮಿತ್ತ ಎಂಬ ಮೂರು ಬಗೆಯ ದೋಷಗಳಿಲ್ಲದ ಅನ್ನವು ಬೇಕೆಂದರು. ಪದಾರ್ಥದ ಸ್ವಭಾವ, ಅದನ್ನು ಕೊಟ್ಟವನ ಗುಣ, ಅದರೊಳಗೆ ಬಿದ್ದ ಕೂದಲು ಕಸ, ಎಂದು ಸ್ಥೂಲವಾಗಿ ಅರ್ಥ. ಪಂಡಿತರು ಈ ಎರಡು ಪಕ್ಷಗಳಲ್ಲಿ ಒಂದನ್ನು ಹಿಡಿದು ಹೋರಾಡುತ್ತಾರೆ. ನಮ್ಮ ಕಾಲದವನ ಸ್ಥಿತಿ ವಿಚಿತ್ರವಾದುದು: ಅವನು ಒಂದೇ ದೋಸೆಯನ್ನು ಎರಡು ಪಕ್ಷದಲ್ಲಿಯೂ ತಿನ್ನುತ್ತಾನೆ. ವಾರದ ಮುಂಚೆ ಶಂಕರರ ಅರ್ಥದಲ್ಲಿ ಹತ್ತಾರು ಸಲ ತಿಂದು ಮುಗಿಸಿ, ಭಾನುವಾರದಂದು ರಾಮಾನುಜರ ಅರ್ಥದಲ್ಲಿ ತಿನ್ನಲು ಹೋಗುತ್ತಾನೆ. ಎರಡನೆಯ ಊಟವು ಮೊದಲನೆಯದಕ್ಕೆ ಸರಿಗಟ್ಟುವುದು ಅಪರೂಪ. ಹೊರಗೆ ಬಂದವನು “ಸುಮ್ನೆ ಹೈಪು, ಅಷ್ಟೇನಿಲ್ಲ” ಎನ್ನುತ್ತಾನೆ. ದೋಸೆಯೇನೋ ಚೆನ್ನಾಗಿಯೇ ಇತ್ತು, ಪಾಪ. ತನ್ನ ಬಿಂಬದೊಡನೆ ಸ್ಪರ್ಧಿಸಿ ಸೋತಿತು.

ಸೋಲದೆ ಗೆದ್ದ ಒಂದು ಪ್ರಸಂಗವೂ ಇದೆ. ಅದನ್ನು ಓದಿದಂದಿನಿಂದ ನನ್ನ ಈ ವಾದವೆಲ್ಲ ಅಲುಗಾಡುತ್ತಿದೆ. ಲಂಡನ್ ನಗರದಲ್ಲಿ ಊಬಾ ಬಟ್ಲರ್ ಎಂಬ ಲೇಖಕನು ಹಿಂದೊಮ್ಮೆ, ತಾನು ಹೋಗಿಯೇ ಇರದ ಹೋಟೆಲುಗಳನ್ನು ಟ್ರಿಪ್‌ಅಡ್ವೈಸರ್ ಎಂಬ ಜಾಲತಾಣದಲ್ಲಿ ಹೊಗಳಿ, ಹೊಗಳಿಕೆಯೊಂದಕ್ಕೆ ೧೦ ಪೌಂಡಿನಂತೆ ಸಂಪಾದಿಸುತ್ತಿದ್ದವನು. ೨೦೧೭ರಲ್ಲಿ ಅವನಿಗೆ, ಹೊಗಳಿಕೆ ಸುಳ್ಳಾಗಬಹುದಾದರೆ ಹೋಟೆಲೇ ಏಕೆ ಸುಳ್ಳಾಗಬಾರದು ಎಂಬ ಯೋಚನೆ ಹೊಳೆಯಿತು. ಡಲ್ವಿಚ್ ಎಂಬ ಬಡಾವಣೆಯಲ್ಲಿ ತಾನು ವಾಸಿಸುತ್ತಿದ್ದ ತೋಟದ ಕೊಟ್ಟಿಗೆಯನ್ನೇ ‘ದಿ ಷೆಡ್ ಅಟ್ ಡಲ್ವಿಚ್’ ಎಂಬ ಭೋಜನಶಾಲೆಯೆಂದು ದಾಖಲಿಸಿದನು. ಕ್ಷೌರದ ನೊರೆಯಿಂದಲೂ ಬಣ್ಣದಿಂದಲೂ ಭಕ್ಷ್ಯಗಳ ಚಿತ್ರಗಳನ್ನು ತಯಾರಿಸಿದನು. ಒಂದರಲ್ಲಿ ಮೊಟ್ಟೆಯ ಕೆಳಗಿದ್ದುದು ಅವನ ಹಿಮ್ಮಡಿ. ಸ್ನೇಹಿತರಿಂದ ಪ್ರಶಂಸೆ ಬರೆಯಿಸಿದನು. ಊಟಕ್ಕೆ ಸ್ಥಳ ಬೇಕೆಂದು ಕೇಳಿದವರಿಗೆಲ್ಲ ತಿಂಗಳುಗಟ್ಟಲೆ ಖಾಲಿಯಿಲ್ಲವೆಂದನು; ಖಾಲಿಯಿಲ್ಲವೆಂದಷ್ಟೂ ಕೀರ್ತಿ ಏರಿತು. ಅದೇ ನವೆಂಬರಿನಲ್ಲಿ, ೧೮,೦೦೦ಕ್ಕೂ ಹೆಚ್ಚು ಹೋಟೆಲುಗಳಿರುವ ಆ ಪಟ್ಟಿಯಲ್ಲಿ, ಇಲ್ಲದ ಹೋಟೆಲು ಲಂಡನ್ನಿನ ಅಗ್ರಸ್ಥಾನಕ್ಕೆ ಬಂದು ನಿಂತಿತು. ಕಡೆಗೆ ಒಂದು ರಾತ್ರಿಯ ಮಟ್ಟಿಗೆ ಅವನು ಅದನ್ನು ನಿಜಕ್ಕೂ ತೆರೆದನು. ಬಂದವರಿಗೆ ಬಡಿಸಿದುದು ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕುವ, ಬಿಸಿಮಾಡಿ ತಿನ್ನುವ ಸಿದ್ಧಾಹಾರ. ಉಂಡವರಲ್ಲಿ ಕೆಲವರು ಸಂತೋಷಗೊಂಡು, ಮತ್ತೊಮ್ಮೆ ಬರಲು ಸ್ಥಳ ದೊರೆಯುವುದೇ ಎಂದು ಕೇಳಿಕೊಂಡು ಹೋದರು.

ಹಗ್ಗದಲ್ಲಿ ಕಂಡ ಹಾವು ಸುಳ್ಳಾದರೂ ಅದರಿಂದಾದ ನಡುಕ ಸುಳ್ಳಲ್ಲವೆಂದು ವೇದಾಂತಿಗಳು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಇಲ್ಲಿ ರೂಪು ಸುಳ್ಳು, ರುಚಿ ಸಾಧಾರಣ, ತೃಪ್ತಿ ಮಾತ್ರ ನಿಜ. ಆ ಮಂದಿಯನ್ನು ನೋಡಿ ನಗುವುದಕ್ಕೆ ಮೊದಲು ನಾವು ನಮ್ಮ ಪ್ರಸಾದವನ್ನು ನೆನೆಯಬೇಕಾಗುತ್ತದೆ. ತಿರುಪತಿಯಿಂದ ಬಂದ ಲಾಡುವಿನ ಒಂದು ಕಾಳನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವವನ ತೃಪ್ತಿಯೂ ಸಕ್ಕರೆ ಕಡಲೆಹಿಟ್ಟುಗಳಿಂದ ಹುಟ್ಟಿದುದಲ್ಲ, ಭಾವದಿಂದ ಹುಟ್ಟಿದುದು. ಪದಾರ್ಥವನ್ನು ಭಾವವು ಪ್ರಸಾದ ಮಾಡುತ್ತದೆಂದು ಶರಣರೇ ಸಾರಿದರು. ಹಾಗಾದರೆ ಡಲ್ವಿಚ್ಚಿನ ಕೊಟ್ಟಿಗೆಗೂ ಕ್ಷೇತ್ರಕ್ಕೂ ತಾರತಮ್ಯವೆಲ್ಲಿ? ನಾಸ್ತಿಕನು ತಾರತಮ್ಯವಿಲ್ಲವೆಂದು ಕೂಡಲೇ ತೀರ್ಪು ಕೊಡುತ್ತಾನೆ, ಆಸ್ತಿಕನು ಕೋಪಗೊಳ್ಳುತ್ತಾನೆ. ಎರಡೂ ಆತುರ.

ನನಗೆ ಕಾಣುವ ಭೇದವು ಸಣ್ಣದು, ಆದರೆ ಗಟ್ಟಿಯಾದದ್ದು. ಪ್ರಸಾದಕ್ಕೆ ಯಾರೂ ಬೆಲೆಕಟ್ಟುವುದಿಲ್ಲ. ಧನುರ್ಮಾಸದ ಹುಗ್ಗಿಯಲ್ಲಿ ಉಪ್ಪು ಕಡಮೆಯಾದರೆ ನಾಲಗೆಗೆ ತಿಳಿಯದಿರುವುದಿಲ್ಲ. ತಿಳಿದೂ ಅದನ್ನು ಐದಕ್ಕೆ ಮೂರು ನಕ್ಷತ್ರವೆಂದು ಯಾರೂ ಬರೆಯುವುದಿಲ್ಲ. ಆಚೆಯ ಬೀದಿಯ ದೇವಸ್ಥಾನದ ಹುಗ್ಗಿ ಇದಕ್ಕಿಂತ ಮೇಲೆಂದು ಹೇಳಿದರೂ ಇದನ್ನು ಬಿಟ್ಟೇಳುವುದಿಲ್ಲ. ಆ ಭಾವವು ಪದಾರ್ಥದಿಂದ ಏನನ್ನೂ ಬೇಡುವುದಿಲ್ಲವಾದುದರಿಂದ ಅದಕ್ಕೆ ಆಶಾಭಂಗವಿಲ್ಲ. ಡಲ್ವಿಚ್ಚಿನ ಅತಿಥಿಗಳ ಭಾವವಾದರೋ ಅಗ್ರಸ್ಥಾನವೆಂಬ ಅಂಕಿಯನ್ನು ಆಶ್ರಯಿಸಿ ನಿಂತುದು. ಪಟ್ಟಿಯಲ್ಲಿ ಅದು ಹದಿನೇಳನೆಯದಾಗಿದ್ದರೆ ಅದೇ ಸಿದ್ಧಾಹಾರವು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ತೈತ್ತಿರೀಯದ ಭೃಗುವು ತಂದೆ ವರುಣನ ಮಾತಿನಂತೆ ತಪಸ್ಸು ಮಾಡಿ, ಮೊದಲು ಅನ್ನವನ್ನೂ ಬಳಿಕ ಪ್ರಾಣ, ಮನಸ್ಸು, ವಿಜ್ಞಾನಗಳನ್ನೂ ದಾಟಿ ಆನಂದವನ್ನು ಬ್ರಹ್ಮವೆಂದು ಅರಿತ ಕಥೆ ಎಲ್ಲರಿಗೂ ಗೊತ್ತಿದೆ. ಆ ಕಥೆಯ ಮುಂದೆ ಏನು ಬರುತ್ತದೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಆನಂದದವರೆಗೆ ಏರಿದವನಿಗೆ ಉಪನಿಷತ್ತು ಅಲ್ಲಿಂದ ಮತ್ತೆ ಅನ್ನದ ವ್ರತಗಳನ್ನೇ ವಿಧಿಸುತ್ತದೆ. ಅನ್ನವನ್ನು ನಿಂದಿಸಬಾರದೆಂಬುದು ಅವುಗಳಲ್ಲಿ ಮೊದಲನೆಯದು, ಅದನ್ನು ತಿರಸ್ಕರಿಸದೆ ಹೆಚ್ಚಿಸಬೇಕು, ಆಶ್ರಯ ಕೇಳಿ ಬಂದವನನ್ನು ಹಿಂದಕ್ಕೆ ಕಳುಹಿಸಬಾರದು ಎಂಬುವು ಮುಂದಿನವು. ವಿಮರ್ಶಕರಾಗಿ ಊಟಕ್ಕೆ ಕೂತವರು ಈ ಮೊದಲ ವ್ರತವನ್ನು ಹೇಗೆ ಪಾಲಿಸಬೇಕೋ ನಾನರಿಯೆ. ಕೆಟ್ಟ ಎಣ್ಣೆಯಲ್ಲಿ ಕರಿದುದನ್ನು ಕೆಟ್ಟದ್ದೆನ್ನಬಾರದೆ? ಎನ್ನಬಹುದು, ಅದು ಅಂಗಡಿಯವನನ್ನು ನಿಂದಿಸಿದಂತೆ, ಅನ್ನವನ್ನಲ್ಲ. ಹಸಿವಿಲ್ಲದೆ ಹೋಗಿ, ಬಿಂಬದೊಡನೆ ಹೋಲಿಸಿ, ಅರ್ಧ ತಟ್ಟೆಯನ್ನು ತೊಟ್ಟಿಗೆ ನೂಕಿ ಬರುವುದೇ ವ್ರತಭಂಗ.

ಈ ವಿಚಾರವನ್ನೆಲ್ಲ ನಾನೊಮ್ಮೆ ಸ್ನೇಹಿತರೊಬ್ಬರ ಮುಂದೆ ಹೇಳಿದಾಗ ಅವರು ಪೂರ್ತಿ ಕೇಳಿ, ಮುಗುಳ್ನಕ್ಕು, ಶರಣರನ್ನೇ ನನ್ನ ಮೇಲೆ ತಿರುಗಿಸಿದರು. ತಮ್ಮ ಅಂತರಂಗದ ತೃಪ್ತಿಯನ್ನು ಬಯಲಿಗಿಟ್ಟವರಲ್ಲಿ ಶರಣರಿಗಿಂತ ಮುಂದಾದವರುಂಟೆ? ದೇವರಿಗೂ ತಮಗೂ ನಡೆದ ಗುಟ್ಟಿನ ಮಾತನ್ನೆಲ್ಲ ವಚನ ಮಾಡಿ, ಓಲೆಯ ಮೇಲೆ ಬರೆಯಿಸಿ, ಊರಿಗೆಲ್ಲ ಹಂಚಿದರಲ್ಲ. ಹುಡುಗ ದೋಸೆಯ ಸಂತೋಷವನ್ನು ಹಂಚಿದರೆ ಮಾತ್ರ ತಪ್ಪಾಯಿತೆ? ಎಂದು. ಹಂಚುವುದು ತಪ್ಪಲ್ಲ ಎಂದೆ. ವಚನದ ಕೊನೆಯಲ್ಲಿ ಇರುವುದು ಬಸವಣ್ಣನ ಹೆಸರಲ್ಲ, ಕೂಡಲಸಂಗಮದೇವನ ಅಂಕಿತ. ಹೇಳಿದವನು ಅಲ್ಲಿ ತನ್ನ ಅನುಭವವನ್ನು ಇಟ್ಟು ತಾನು ಹಿಂದೆ ಸರಿದಿದ್ದಾನೆ. ಹುಡುಗನ ಚಿತ್ರದ ಮೇಲಿರುವುದು ಹುಡುಗನದೇ ಹೆಸರು, ನೋಡಿದವರ ಲೆಕ್ಕ ಸೇರುವುದೂ ಅವನ ಖಾತೆಗೇ, ಎಂದು ವಿವರಿಸಿದೆ. ಸ್ನೇಹಿತರು ಬಿಡಲಿಲ್ಲ.

“ಕೊನೇಲಿ ಹೋಟೆಲಿನ ಹೆಸರನ್ನ ಟ್ಯಾಗ್ ಮಾಡಿರ್ತಾನಲ್ರೀ ಸ್ವಾಮಿ, ಅದು ಅಂಕಿತ ಅಲ್ವೇ?”

ವಾದದಲ್ಲಿ ಅವರದು ಒಳ್ಳೆಯ ಪಟ್ಟೆಂದು ಒಪ್ಪಿಕೊಳ್ಳಬೇಕು. ನಾನು ಹೇಳಬಲ್ಲುದಿಷ್ಟೇ: ಅಂಕಿತ ಹಾಕಿದ್ದಕ್ಕಾಗಿ ಕೂಡಲಸಂಗಮದೇವನು ಬಸವಣ್ಣನಿಗೆ ಹಣವನ್ನಾಗಲಿ, ಇಬ್ಬರ ಬಿಟ್ಟಿ ಊಟವನ್ನಾಗಲಿ ಕೊಡಿಸಿದನೆಂದು ಯಾವ ಓಲೆಗರಿಯಲ್ಲಿಯೂ ಈ ತನಕ ಸಿಕ್ಕಿಲ್ಲ.